ತೋಟೆಯ ಕುತ್ತಿಗೆಯಲ್ಲಿ ಸಡಿಲಾದ ಗುಂಡು

ನೆದರ್ಲೆಂಡ್ಸ್‌ಗೆ ಬರಲು ಸಿದ್ಧತೆ ನಡೆಸಿರುವ ಕೊಡಗಿನ ತರುಣರು ವೀಸಾ, ಬಾಡಿಗೆ, ಭಾಷೆಗಳ ವಿಚಾರ ಮುಗಿಸಿದ ಮೇಲೆ ಸ್ವಲ್ಪ ಸಂಕೋಚದಿಂದ ಇನ್ನೊಂದು ಪ್ರಶ್ನೆ ಕೇಳುವುದುಂಟು: "ಡಾಕ್ಟ್ರೇ, ಅಲ್ಲಿ ಕೋವಿ ಇಟ್ಟುಕೊಳ್ಳಬಹುದೇ?" ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ಮನೆಗಳಲ್ಲಿ ಬೆಳೆದವರಿಗೆ ಈ ಪ್ರಶ್ನೆ ಸಹಜ. ಇಟ್ಟುಕೊಳ್ಳಬಹುದು, ಆದರೆ ಅದು ಇಲ್ಲಿ ಹುಟ್ಟಿನಿಂದ ಬರುವ ಹಕ್ಕಲ್ಲ, ತಾಳ್ಮೆಯಿಂದ ಗಳಿಸಬೇಕಾದ ಅನುಮತಿ.

ಮೊದಲು ಶೂಟಿಂಗ್ ಕ್ಲಬ್ಬೊಂದರ ಸದಸ್ಯರಾಗಬೇಕು. ಅದಕ್ಕೆ ಸರ್ಕಾರದ ಸನ್ನಡತೆಯ ಪ್ರಮಾಣಪತ್ರ ಬೇಕು. 1890ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಕೆಎನ್‌ಎಸ್‌ಎಯ ಅಡಿಯಲ್ಲಿ ಕನಿಷ್ಠ ಒಂದು ವರ್ಷ ಕಳೆದು, 18 ಬಾರಿ ಗುರಿ ಅಭ್ಯಾಸ ಮಾಡಿದ ದಾಖಲೆ ಇದ್ದರೆ ಮಾತ್ರ ಪೊಲೀಸರಲ್ಲಿ 'ಫೆರ್ಲೋಫ್' ಎಂಬ ಪರವಾನಗಿಗೆ ಅರ್ಜಿ ಹಾಕಬಹುದು. ಕೋವಿಯನ್ನೂ ತೋಟೆಯನ್ನೂ ಬೇರೆ ಬೇರೆಯಾಗಿ ಬೀಗ ಹಾಕಿಡಬೇಕು. ಪೊಲೀಸರು ಮನೆಗೆ ಬಂದು ಪರಿಶೀಲಿಸುತ್ತಾರೆ. 2011ರ ಏಪ್ರಿಲ್ 9ರಂದು ಆಲ್ಫೆನ್ ಆನ್ ಡೆನ್ ರೈನ್ ಪಟ್ಟಣದ ಮಳಿಗೆ ಸಂಕೀರ್ಣದಲ್ಲಿ ಆರು ಮಂದಿಯನ್ನು ಕೊಂದವನು ಪರವಾನಗಿ ಇದ್ದ ಕ್ಲಬ್ ಸದಸ್ಯನೇ ಆಗಿದ್ದನು. ಅವನಿಗೆ ಮಾನಸಿಕ ಅಸ್ವಾಸ್ಥ್ಯದ ಇತಿಹಾಸವೂ ಇತ್ತು. ಆ ಬಳಿಕ ನಿಯಮಗಳು ಇನ್ನಷ್ಟು ಬಿಗಿಯಾದವು. ವೈದ್ಯನಾಗಿ ಆ ಬಿಗಿಯನ್ನು ನಾನು ಆಕ್ಷೇಪಿಸಲಾರೆ.

ಈ ಕ್ಲಬ್ಬುಗಳಲ್ಲಿ ಹಲವರ ಮೆಚ್ಚಿನ ಕೆಲಸವೊಂದಿದೆ: ಹಾರಿಸಿದ ತೋಟೆಯ ಹಿತ್ತಾಳೆ ಕೋಶವನ್ನು ಮತ್ತೆ ತುಂಬಿಕೊಳ್ಳುವುದು. ಮದ್ದನ್ನೂ ಪ್ರೈಮರನ್ನೂ ಪರವಾನಗಿ ತೋರಿಸಿಯೇ ಕೊಳ್ಳಬೇಕು. ಹಳೆಯ ಸೈನಿಕ ರೈಫಲುಗಳ ಅಭಿಮಾನಿಗಳಿಗೆ ಇದು ಬಹುಮಟ್ಟಿಗೆ ಅನಿವಾರ್ಯ. ಡಚ್ ಸೇನೆಯ 1895ರ ಮಾನ್‌ಲಿಖರ್ ರೈಫಲಿಗೆ ಬೇಕಾದ ತೋಟೆ ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥದಲ್ಲ. ಹೀಗೆ ತುಂಬುವವರನ್ನು ಪದೇ ಪದೇ ಕಾಡುವ ತೊಡಕೆಂದರೆ, ಕೋಶದ ಬಾಯಲ್ಲಿ ಗುಂಡು ಬಿಗಿಯಾಗಿ ಕೂರದೆ ಬೆರಳ ಒತ್ತಡಕ್ಕೇ ಒಳಜಾರುವುದು.

ನಮ್ಮ ತೋಟಗಳಲ್ಲಿ ಬಳಸುವ ಹನ್ನೆರಡು ಬೋರಿನ ತೋಟೆ ನೆಟ್ಟಗಿನ ಕೊಳವೆ. ರೈಫಲಿನ ತೋಟೆಯ ಕೋಶವಾದರೋ ಬಾಟಲಿಯ ಹಾಗೆ. ಅಗಲ ಹೊಟ್ಟೆ, ಇಳಿಜಾರು ಹೆಗಲು, ಕಿರಿದಾದ ಕುತ್ತಿಗೆ. ಗುಂಡನ್ನು ಹಿಡಿದಿಡುವುದು ಆ ಕುತ್ತಿಗೆಯ ಹಿಡಿತವೇ. ಕುತ್ತಿಗೆಯ ಒಳವ್ಯಾಸ ಗುಂಡಿಗಿಂತ ಸುಮಾರು 0.05 ಮಿಲಿಮೀಟರ್ ಕಿರಿದಾಗಿದ್ದರೆ ಸಾಮಾನ್ಯವಾಗಿ ಸಾಕು. ಈ ಕೂದಲೆಳೆಯ ಅಂತರ ತಪ್ಪಿದರೆ ಮ್ಯಾಗಜಿನ್‌ನಲ್ಲಿರುವ ತೋಟೆಯ ಗುಂಡು ಕೋವಿಯ ಹಿಮ್ಮೆಟ್ಟಿನ ಹೊಡೆತಕ್ಕೆ ಒಳಸರಿದು ಕೋಶದೊಳಗಿನ ಒತ್ತಡ ಏರಬಹುದು. ಅಥವಾ ಹಾರಿಸದ ತೋಟೆಯನ್ನು ಹೊರತೆಗೆಯುವಾಗ ಗುಂಡು ನಳಿಗೆಯಲ್ಲೇ ಉಳಿದು ಮದ್ದು ಚೆಲ್ಲಬಹುದು. ಗುರಿ ಚದುರುವುದಂತೂ ಖಚಿತ.

ಇಂಥ ತೋಟೆಯನ್ನು ಕಂಡೊಡನೆ ಹಲವರು ಕೋಶದ ಅಂಚನ್ನು ಒಳಕ್ಕೆ ಒತ್ತಿ ಗುಂಡನ್ನು ಕಚ್ಚಿಸಲು ಹೋಗುತ್ತಾರೆ. ಇದು ಕಾರಣ ತಿಳಿಯದೆ ನೋವಿನ ಮಾತ್ರೆ ನುಂಗಿಸಿದ ಹಾಗೆ. ಹೆಚ್ಚು ಒತ್ತಿದರೆ ಕುತ್ತಿಗೆ ಉಬ್ಬಿ ಇದ್ದ ಹಿಡಿತವೂ ಹೋಗುತ್ತದೆ. ಸಡಿಲು ಎಂಬುದು ಲಕ್ಷಣ. ರೋಗ ಬೇರೆಲ್ಲೋ ಇರುತ್ತದೆ. ಡಚ್ಚರ ಗಾದೆಯೊಂದಿದೆ: 'ಮೇತನ್ ಇಸ್ ವೇತನ್', ಅಂದರೆ ಅಳೆದವನೇ ಅರಿತವನು. ಆದ್ದರಿಂದ ಮೊದಲು ಕೈಗೆ ಬರಬೇಕಾದ ಸಾಧನ ಮೈಕ್ರೋಮೀಟರು.

ಮೊದಲು ಗುಂಡನ್ನೇ ಅಳೆಯಬೇಕು. ಎನ್‌ಸಿಸಿಯಲ್ಲಿದ್ದವರಿಗೆಲ್ಲ ಪರಿಚಿತವಾದ 'ತ್ರೀ ನಾಟ್ ತ್ರೀ'ಯನ್ನೇ ನೋಡಿ. ಹೆಸರಿನಲ್ಲಿ 0.303 ಅಂಗುಲವಿದ್ದರೂ ಅದು ನಳಿಗೆಯ ಒಳಗಣ ಏಣುಗಳ ನಡುವಣ ಅಳತೆ. ಗುಂಡಿನ ವ್ಯಾಸ 0.311ರಿಂದ 0.312 ಅಂಗುಲ. ಹೆಸರನ್ನು ನಂಬಿ 0.308 ಅಂಗುಲದ ಗುಂಡು ತಂದರೆ ಅದು ಸಡಿಲವಾಗಿಯೇ ಕೂರುತ್ತದೆ. ಅಲ್ಲಿ ಕೋಶದ ತಪ್ಪೇನೂ ಇಲ್ಲ.

ಗುಂಡು ಸರಿಯಿದ್ದರೆ ಎರಡನೆಯ ಶಂಕಿತ ಡೈ ಎಂಬ ಅಚ್ಚು. ಅದು ಕುತ್ತಿಗೆಯನ್ನು ಹೊರಗಿನಿಂದ ಕುಗ್ಗಿಸುತ್ತದೆ; ಬಳಿಕ ಅದರೊಳಗಿನ ಕಡ್ಡಿಯ ಗುಂಡಗಿನ ತುದಿ ಕುತ್ತಿಗೆಯ ಮೂಲಕ ಹಾದು ಒಳವ್ಯಾಸವನ್ನು ತಕ್ಕಷ್ಟು ಹಿಗ್ಗಿಸುತ್ತದೆ. ಆ ತುದಿ ದಪ್ಪವಾಗಿದ್ದರೆ ಹಿಡಿತ ತಪ್ಪುತ್ತದೆ. ಪರೀಕ್ಷೆ ಸರಳ: ಕಡ್ಡಿಯನ್ನು ತೆಗೆದು, ಅದೇ ಬಗೆಯ ಒಂದು ಕೋಶವನ್ನು ಡೈಯಲ್ಲಿ ಹಾಯಿಸಿ, ಮದ್ದಿಲ್ಲದೆ, ಪ್ರೈಮರಿಲ್ಲದೆ ಗುಂಡು ಕೂರಿಸಿ ನೋಡುವುದು. ಆಗ ಬಿಗಿಯಾದರೆ ದೋಷ ಕಡ್ಡಿಯದೇ. ಡೈಯನ್ನು ಪೂರ್ತಿ ಕೆಳಗಿಳಿಸದೆ ಕುತ್ತಿಗೆಯ ಸ್ವಲ್ಪ ಭಾಗ ಮಾತ್ರ ಕುಗ್ಗಿರುವುದೂ ಉಂಟು.

ಕಡ್ಡಿ ತೆಗೆದರೂ ಸಡಿಲಾದರೆ ಹಿತ್ತಾಳೆಯತ್ತ ನೋಡಬೇಕು. ಬೇರೆ ಬೇರೆ ಕಾರ್ಖಾನೆಗಳ ಕೋಶಗಳ ಕುತ್ತಿಗೆಯ ದಪ್ಪ ಒಂದೇ ಆಗಿರುವುದಿಲ್ಲ. ಡೈ ಹೊರಗಿನಿಂದ ಒತ್ತುವುದರಿಂದ ತೆಳುಗೋಡೆಯ ಕೋಶದ ಒಳಗೆ ಹೆಚ್ಚು ಜಾಗ ಉಳಿಯುತ್ತದೆ. ಆದ್ದರಿಂದ ಕೋಶಗಳನ್ನು ತಯಾರಕರ ಮುದ್ರೆ ನೋಡಿ ವಿಂಗಡಿಸುವುದು ಒಳ್ಳೆಯದು. ಇನ್ನು, ಹಲವು ಬಾರಿ ಹಾರಿಸಿ ಕುಗ್ಗಿಸಿದ ಹಿತ್ತಾಳೆ ಗಡುಸಾಗಿ, ಡೈ ಒತ್ತಿದಷ್ಟು ಕುಗ್ಗದೆ ಹಿಂದಕ್ಕೆ ಪುಟಿಯುತ್ತದೆ. ಕುತ್ತಿಗೆಯನ್ನಷ್ಟೇ ಹದವಾಗಿ ಕಾಯಿಸಿದರೆ ಮೃದುತ್ವ ಮರಳುತ್ತದೆ. ಹದ ಮೀರಿದರೆ ತೀರ ಮೆತ್ತಗಾಗಿ ಹಿಡಿಯುವ ಶಕ್ತಿಯೇ ಹೋಗುತ್ತದೆ. ಕೋಶದ ಬುಡಕ್ಕೆ ಮಾತ್ರ ಕಾವು ತಗಲಲೇಬಾರದು. ಒತ್ತಡ ತಡೆಯುವ ಭಾಗವೇ ಅದು.

ಕೊನೆಯದಾಗಿ, ಕುತ್ತಿಗೆಯಲ್ಲಿ ಸೀಳಿದೆಯೇ ಎಂದು ನೋಡಬೇಕು. ಈ ಸೀಳಿಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. ಬ್ರಿಟಿಷ್ ಸೇನೆ ಭಾರತದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ ತೋಟೆಗಳು ಮಳೆಗಾಲದಲ್ಲಿ ತಾವಾಗಿ ಬಿರಿಯುತ್ತಿದ್ದವು. ಕುದುರೆಯ ಮೂತ್ರದ ಅಮೋನಿಯಾವೂ ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದ ಬಿಗಿತವೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ವಿವರಿಸಿದರು. ಸೀಳಿದ ಕೋಶಕ್ಕೆ ಚಿಕಿತ್ಸೆಯಿಲ್ಲ, ಎಸೆಯಬೇಕು. ಹಿತ್ತಾಳೆ ತೊಳೆಯಲು ಅಮೋನಿಯಾ ಇರುವ ದ್ರಾವಣ ಬೇಡವೆನ್ನುವುದೂ ಇದೇ ಕಾರಣಕ್ಕೆ.

ಊರಿನ ಬಂಧುಗಳಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿದೆ. ಅದು ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು. ತೋಟೆ ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮಿನಂತೆ ಬೇರೆಯೇ ಲೈಸೆನ್ಸ್ ಬೇಕು. ಆದ್ದರಿಂದ ಇದನ್ನು ಓದಿ ಮನೆಯ ಜಗಲಿಯಲ್ಲಿ ಪ್ರಯೋಗಕ್ಕೆ ಇಳಿಯಬಾರದು.

ಇಲ್ಲಿಗೆ ಬರುವ ತರುಣರು ಕೋವಿಯ ಆಸೆಯನ್ನು ಒಂದು ವರ್ಷ ಕ್ಲಬ್ಬಿನ ಕೋವಿಯಿಂದಲೇ ತೀರಿಸಿಕೊಳ್ಳಲಿ; ತೋಟೆ ತುಂಬುವುದನ್ನು ಅನುಭವಿ ಸದಸ್ಯರ ಪಕ್ಕದಲ್ಲಿ ನಿಂತು ಕಲಿಯಲಿ. ಮೇಜಿನ ಅಂಚಿಗೆ ಒತ್ತಿದಾಗ ಗುಂಡು ಅಲುಗಾಡಿದರೆ ಆ ತೋಟೆಯನ್ನು ಹಾರಿಸಕೂಡದು. ಗುಂಡು ಕೀಳುವ ಸಾಧನದಿಂದ ಅದನ್ನು ಬಿಚ್ಚಿ, ಮದ್ದನ್ನು ಬೇರೆ ಮಾಡಿ, ಅಳತೆಯನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕು.