ಗ್ರೀಸ್ ಮೆತ್ತಿದ ಕೈಗೂ ಶಾಲೆಯಲ್ಲಿ ಜಾಗ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವೇಳಾಪಟ್ಟಿಯಲ್ಲಿ ತೃತೀಯ ಭಾಷೆಯ ದಿನವನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬಹುದು. ಹಿಂದಿ, ಸಂಸ್ಕೃತ, ಉರ್ದು, ಕೊಂಕಣಿ, ತುಳುಗಳ ಸಾಲು ಮುಗಿದ ಮೇಲೆ ಮಾಹಿತಿ ತಂತ್ರಜ್ಞಾನ, ರಿಟೇಲ್‌ಗಳ ಜೊತೆಗೆ ‘ಆಟೊಮೊಬೈಲ್’ ಎಂಬ ಹೆಸರೂ ಅಲ್ಲಿರುತ್ತದೆ. 2013ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಅನ್ವಯ, ಆಯ್ದ ಸರ್ಕಾರಿ ಪ್ರೌಢಶಾಲೆಗಳ ಮಕ್ಕಳು ಒಂಬತ್ತು ಮತ್ತು ಹತ್ತನೆಯ ತರಗತಿಗಳಲ್ಲಿ ತೃತೀಯ ಭಾಷೆಗೆ ಬದಲಾಗಿ ವಾಹನ ದುರಸ್ತಿಯನ್ನು ಒಂದು ವಿಷಯವಾಗಿ ಓದಬಹುದು. ಬಸವನಗುಡಿ, ಮಲ್ಲೇಶ್ವರಗಳ ಎಷ್ಟು ಮನೆಗಳಲ್ಲಿ ಈ ಸುದ್ದಿ ಗೊತ್ತು? ಗೊತ್ತಿದ್ದರೂ ಎಷ್ಟು ತಂದೆತಾಯಿಯರು ಅದು ತಮ್ಮ ಮಕ್ಕಳಿಗೆ ಸಂಬಂಧಿಸಿದ ವಿಷಯವೆಂದು ಭಾವಿಸಿಯಾರು?

ಬಸವನಗುಡಿಯಿಂದ ಮಿನರ್ವ ವೃತ್ತ ದಾಟಿದರೆ ಜೆ.ಸಿ. ರಸ್ತೆ. ಬಿಡಿಭಾಗಗಳ ಅಂಗಡಿಗಳು, ಸೀಟ್ ಕವರ್ ಹೊಲಿಯುವವರು, ಗಾಜು ಕೂರಿಸುವವರು ಅಲ್ಲಿ ಸಾಲುಗಟ್ಟಿದ್ದಾರೆ. ಪಕ್ಕದ ಕಲಾಸಿಪಾಳ್ಯ ಲಾರಿ, ಬಸ್ಸುಗಳ ಲೋಕ. ಈ ಊರಿನ ವಾಹನ ವಿದ್ಯೆ ಬಹುಕಾಲ ಬೆಳೆದದ್ದು ಇಂತಹ ಬೀದಿಗಳ ಗ್ಯಾರೇಜುಗಳಲ್ಲಿ. ಶಾಲೆ ಬಿಟ್ಟ ಹುಡುಗ ಮೊದಲು ಚಹಾ ತರುತ್ತಾನೆ, ಆಮೇಲೆ ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುತ್ತಾನೆ, ವರ್ಷಗಳು ಕಳೆದ ಮೇಲೆ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಯಾಗುತ್ತಾನೆ. ಈ ಗುರುಕುಲ ಕೊಟ್ಟ ಜಾಣ್ಮೆ ದೊಡ್ಡದು, ಅದು ಪಡೆದ ಬೆಲೆಯೂ ದೊಡ್ಡದು. 1986ರ ಬಾಲಕಾರ್ಮಿಕ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿ ವಾಹನ ಗ್ಯಾರೇಜುಗಳು ಸೇರಿದವು. 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನೇ ಬಹುಮಟ್ಟಿಗೆ ನಿಷೇಧಿಸಿತು. ಅದು ಸರಿಯಾದದ್ದೇ. ಆದರೆ ಗ್ಯಾರೇಜಿನ ಬಾಗಿಲು ಮುಚ್ಚಿದ ಮೇಲೆ ಆ ವಿದ್ಯೆಗೆ ಶಾಲೆಯ ಬಾಗಿಲು ತೆರೆಯಬೇಕಿತ್ತು.

ಈ ಮಾತು ಬೆಂಗಳೂರಿಗೆ ಹೊಸದಲ್ಲ. 1935ರಲ್ಲಿ ಯುರೋಪ್, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ಕಂಡುಬಂದ ಸರ್ ಎಂ. ವಿಶ್ವೇಶ್ವರಯ್ಯನವರು ಇಲ್ಲಿಯೇ ಮೋಟಾರು ಕಾರ್ಖಾನೆ ಕಟ್ಟಬೇಕೆಂದು ಹೆಣಗಿದರು. ಬ್ರಿಟಿಷ್ ಆಡಳಿತದ ಅಡ್ಡಗಾಲಿನಿಂದ ಅದು ಕೈಗೂಡಲಿಲ್ಲ. ಆ ಕನಸಿನಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿದರು. ಕಾರ್ಖಾನೆ ತಪ್ಪಿದರೂ ಕಸಬು ಕಲಿಸುವ ಶಾಲೆ ತಪ್ಪಲಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಂದ ಹಣವನ್ನು ವಿಶ್ವೇಶ್ವರಯ್ಯನವರು ವೃತ್ತಿಶಿಕ್ಷಣಕ್ಕೆಂದು ಬಿಟ್ಟುಕೊಟ್ಟರು. 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ತಲೆಯೆತ್ತಿತು. ಇಂದಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ.

ಅನಂತರದ ಕತೆ ವರದಿಗಳದ್ದು. 1964-66ರ ಕೊಠಾರಿ ಆಯೋಗ ಪ್ರೌಢಶಿಕ್ಷಣಕ್ಕೆ ವೃತ್ತಿಯ ತಿರುವು ಬೇಕೆಂದಿತು. 1986ರ ಶಿಕ್ಷಣ ನೀತಿ, ಹತ್ತನೆಯ ತರಗತಿಯ ನಂತರದ ವಿದ್ಯಾರ್ಥಿಗಳಲ್ಲಿ ಶೇ 10ರಷ್ಟು ಮಂದಿ 1990ರೊಳಗೆ, ಶೇ 25ರಷ್ಟು ಮಂದಿ 1995ರೊಳಗೆ ವೃತ್ತಿಶಿಕ್ಷಣಕ್ಕೆ ಬರಬೇಕೆಂದು ಗುರಿಯಿಟ್ಟಿತು. ಆ ಗುರಿ ಈಡೇರಲಿಲ್ಲ. ಕರ್ನಾಟಕದಲ್ಲಿ ಜೆಒಸಿ ಎಂದೇ ಹೆಸರಾಗಿದ್ದ ಉದ್ಯೋಗಾಧಾರಿತ ಕೋರ್ಸುಗಳು ಹಲವು ವರ್ಷ ನಡೆದು ನಿಂತುಹೋದವು. ಅಲ್ಲಿ ದುಡಿಯುತ್ತಿದ್ದ ಅರೆಕಾಲಿಕ ನೌಕರರನ್ನು ಬೇರೆಡೆ ವಿಲೀನಗೊಳಿಸಲು 2011ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. 2020ರ ಶಿಕ್ಷಣ ನೀತಿ ಉಲ್ಲೇಖಿಸಿದ ಅಂದಾಜಿನಂತೆ 19ರಿಂದ 24ರ ವಯಸ್ಸಿನ ಭಾರತೀಯ ದುಡಿಮೆಗಾರರಲ್ಲಿ ವಿಧಿವತ್ತಾದ ವೃತ್ತಿಶಿಕ್ಷಣ ಪಡೆದವರು ಶೇ 5ಕ್ಕೂ ಕಡಿಮೆ. ಜರ್ಮನಿಯಲ್ಲಿ ಅದು ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96.

ಈ ಸೋಲಿಗೆ ಹಣದ ಕೊರತೆಯೊಂದೇ ಕಾರಣವಲ್ಲ. ಆಯುಧಪೂಜೆಯ ದಿನ ನಾವು ಸ್ಪ್ಯಾನರಿಗೂ ಕುಂಕುಮವಿಡುತ್ತೇವೆ, ಕಾರಿನ ಮುಂದೆ ಬೂದುಗುಂಬಳ ಒಡೆಯುತ್ತೇವೆ. ಮರುದಿನ ಆ ಸ್ಪ್ಯಾನರನ್ನು ನಮ್ಮ ಮಕ್ಕಳ ಕೈಗೆ ಕೊಡುವುದಿಲ್ಲ. ಕೈಕೆಲಸವೆಂದರೆ ಓದು ತಲೆಗೆ ಹತ್ತದವರ ಪಾಲಿನದು ಎಂಬ ನಂಬಿಕೆಯ ಬೇರು ಜಾತಿಯ ಶ್ರೇಣಿಯಲ್ಲಿದೆ. ಆಟೊಮೊಬೈಲ್ ತರಗತಿ ಸರ್ಕಾರಿ ಶಾಲೆಯ ಬಡ ಮಕ್ಕಳಿಗೆ ಮಾತ್ರ, ಕೋಚಿಂಗ್ ತರಗತಿ ಉಳಿದವರಿಗೆ ಎಂದಾದರೆ ಹಳೆಯ ವಿಂಗಡಣೆಗೆ ನಾವು ಹೊಸ ಪಠ್ಯಕ್ರಮದ ಮುದ್ರೆ ಒತ್ತಿದಂತಾಗುತ್ತದೆ.

ವಾಹನವೂ ಈಗ ಮೊದಲಿನಂತಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮರೆಯಾಗಿ, ಇಂಧನದ ಲೆಕ್ಕವನ್ನು ಎಲೆಕ್ಟ್ರಾನಿಕ್ ನಿಯಂತ್ರಕ ನೋಡಿಕೊಳ್ಳುತ್ತಿದೆ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ ಹರಿಯುವುದು ನೂರಾರು ವೋಲ್ಟಿನ ವಿದ್ಯುತ್ತು. ಸರಿಯಾದ ಕೈಗವಸು, ಕ್ರಮ ಇಲ್ಲದೆ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಕಿವಿ, ಕೈಗಳ ಅನುಭವದ ಜೊತೆಗೆ ಸರ್ಕೀಟ್ ನಕ್ಷೆ ಓದುವ, ದೋಷಸಂಕೇತ ಅರ್ಥೈಸುವ ತಿಳಿವಳಿಕೆಯೂ ಈಗಿನ ಮೆಕ್ಯಾನಿಕ್‌ಗೆ ಬೇಕು. ಓಮ್‌ನ ನಿಯಮವನ್ನು ಬಾಯಿಪಾಠ ಮಾಡುವ ಮಗುವೂ ಮಲ್ಟಿಮೀಟರ್ ಹಿಡಿದು ಅದನ್ನು ಕಾಣುವ ಮಗುವೂ ಒಂದೇ ತರಗತಿಯಲ್ಲಿ ಕೂರಬೇಕಾದ ಕಾಲವಿದು.

ಹಾಗಾಗಬೇಕಾದರೆ ಕೆಲವು ಷರತ್ತುಗಳಿವೆ. ಬಿಚ್ಚಿ ಕೂಡಿಸಲು ನಿಜವಾದ ಎಂಜಿನ್ ಇಲ್ಲದ ತರಗತಿ ನೀರಿಲ್ಲದ ಈಜುಕೊಳ. ತರಬೇತುದಾರರನ್ನು ಏಜೆನ್ಸಿಯ ಮೂಲಕ ವರ್ಷದ ಲೆಕ್ಕಕ್ಕೆ ನೇಮಿಸಿ, ಗಣಿತದ ಮೇಷ್ಟರಿಗೆ ಸಲ್ಲುವ ಗೌರವವನ್ನು ಅವರಿಗೂ ಸಲ್ಲಿಸುತ್ತೇವೆಂದರೆ ಯಾರೂ ನಂಬಲಾರರು. ಹತ್ತನೆಯ ತರಗತಿಯ ಮುಂದಿನ ದಾರಿಯೂ ನಿಚ್ಚಳವಾಗಿರಬೇಕು. ಪಿಯುಸಿಯಲ್ಲಿ ಕೆಲವೆಡೆ ಈ ವಿಷಯ ಮುಂದುವರಿದಿದೆ. ಐಟಿಐ, ಡಿಪ್ಲೊಮಾ ಪ್ರವೇಶದಲ್ಲಿ ಇದನ್ನು ಓದಿದವರಿಗೆ ಆದ್ಯತೆ ಸಿಗಬೇಕು. ಬಿಡದಿಯಲ್ಲಿ ಟೊಯೋಟಾ ಸಂಸ್ಥೆ 2007ರಲ್ಲಿ ಆರಂಭಿಸಿದ ತರಬೇತಿ ಶಾಲೆ, ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ವಸತಿಯೊಡನೆ ಮೂರು ವರ್ಷ ಕಸಬು ಕಲಿಸುವ ವ್ಯವಸ್ಥೆ ಸಾಧ್ಯವೆಂದು ತೋರಿಸಿದೆ. ಖಾಸಗಿ ಕಾರ್ಖಾನೆಯೊಂದು ಆಯ್ದ ಕೆಲವರಿಗೆ ಮಾಡಿದ್ದನ್ನು ಸರ್ಕಾರ ಎಲ್ಲರಿಗೂ ಮಾಡಲು ಮನಸ್ಸು ಬೇಕು.

ಹೆಸರಾಂತ ಶಾಲೆಗಳಿಗೂ ಇಲ್ಲಿ ಪಾಲಿದೆ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಶಾಲೆಗಳು ವಾರಕ್ಕೆರಡು ಅವಧಿ ಎಲ್ಲ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ, ಕಾರ್ಯಾಗಾರವನ್ನು ಕಡ್ಡಾಯ ಮಾಡಲಿ. ಜೆ.ಸಿ. ರಸ್ತೆಯ ಅನುಭವಿ ಮೇಸ್ತ್ರಿಗಳನ್ನು ಗೌರವಧನ ಕೊಟ್ಟು ಪಾಠಕ್ಕೆ ಕರೆಯಲಿ. ವೈದ್ಯನಾಗುವ ಹುಡುಗನೂ ಸ್ಪಾರ್ಕ್ ಪ್ಲಗ್ ಶುಚಿಮಾಡಲು ಕಲಿತ ದಿನ, ಮೆಕ್ಯಾನಿಕ್ ಆಗುವ ಹುಡುಗಿಯನ್ನು ಓದು ಬಾರದವಳೆಂದು ಯಾರೂ ಮರುಗಲಾರರು.