ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸೋಣ

ಹೊಸ ವರ್ಷ ಬಂತೆಂದರೆ ಸಂಕಲ್ಪಗಳ ಪಟ್ಟಿ ಸಿದ್ಧವಾಗುತ್ತದೆ. ನಸುಕಿನಲ್ಲಿ ಏಳಬೇಕು, ಯೋಗ ಕಲಿಯಬೇಕು, ತೂಕ ಇಳಿಸಬೇಕು. ಸಿಂಗಸಂದ್ರದ ನಮ್ಮ ಮನೆಯ ಗೋಡೆಯ ಮೇಲೂ 2025ರ ಜನವರಿಯಲ್ಲಿ ಇಂಥದೊಂದು ಪಟ್ಟಿಯಿತ್ತು. ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಯುವ ಮೊದಲೇ ಅದು ಬರಿಯ ಕಾಗದವಾಗಿ ಉಳಿಯಿತು.

ಹೊಸೂರು ರಸ್ತೆಯ ಬದುಕನ್ನು ಬಲ್ಲವರಿಗೆ ಇದರ ಕಾರಣ ತಿಳಿದೀತು. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳೂ ಬೊಮ್ಮಸಂದ್ರದ ಕಾರ್ಖಾನೆಗಳೂ ಹಗಲಿರುಳೆನ್ನದೆ ನಡೆಯುತ್ತವೆ. ದಂಪತಿಗಳಾದ ನಮ್ಮಲ್ಲಿ ಒಬ್ಬರು ಪಾಳಿ ಮುಗಿಸಿ ಮನೆಗೆ ಬರುವಾಗ ಇನ್ನೊಬ್ಬರು ಕಂಪ್ಯೂಟರಿನ ಮುಂದೆ ಕುಳಿತಿರುತ್ತಿದ್ದರು. ರಾತ್ರಿಯ ಊಟ ಹತ್ತೂವರೆಗೆ, ನಿದ್ರೆ ಹನ್ನೆರಡರ ಮೇಲೆ. ಬೆಳಿಗ್ಗೆ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಕುಳಿತಾಗಲೂ ಕಣ್ಣು ಗಡಿಯಾರದ ಮೇಲೆ. ಕಾಯಕವೇ ನಮ್ಮ ಧರ್ಮವೆಂದು ಹೇಳಿಕೊಂಡು, ಕಾಯ ಕೊಡುತ್ತಿದ್ದ ಎಚ್ಚರಿಕೆಗಳನ್ನು ಬದಿಗೆ ಸರಿಸಿದೆವು.

ಶ್ರಾವಣದಲ್ಲಿ ತಪಾಸಣೆ ಮಾಡಿಸಿದಾಗ ನಮ್ಮಲ್ಲೊಬ್ಬರ ರಕ್ತದೊತ್ತಡ 152/98 ಇತ್ತು. ಮತ್ತೊಮ್ಮೆ, ಬೇರೊಂದು ದಿನ ಅಳೆದಾಗಲೂ ಇಳಿದಿರಲಿಲ್ಲ. “ದಿನಕ್ಕೆ ಎಷ್ಟು ಗಂಟೆ ಮಲಗುತ್ತೀರಿ?” ಎಂದು ವೈದ್ಯರು ಕೇಳಿದರು. ನಾವು ಪರಸ್ಪರ ಮುಖ ನೋಡಿಕೊಂಡೆವು.

ಅಂದು ರಾತ್ರಿ ನೆನಪಾದುದು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು ಮಾರಯ್ಯನವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ಬಾಲ್ಯದಿಂದ ಕೇಳಿದ ಈ ಕಥೆಯನ್ನು ನಾವು ಹಣದಾಸೆಗೆ ಮಾತ್ರ ಅನ್ವಯಿಸಿಕೊಂಡಿದ್ದೆವು. ದುಡಿಮೆಯ ಗಂಟೆಗಳಲ್ಲಿಯೂ ಹೆಚ್ಚಾದ ಅಕ್ಕಿ ಇರಬಹುದೆಂದು ಹೊಳೆದಿರಲಿಲ್ಲ.

ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚು. ಆರೋಗ್ಯವಂತರಲ್ಲಿ ನಿದ್ರೆಯ ವೇಳೆ ರಕ್ತದೊತ್ತಡ ತಗ್ಗುತ್ತದೆ. ಹೃದಯಕ್ಕೂ ರಕ್ತನಾಳಗಳಿಗೂ ದೊರೆಯುವ ವಿಶ್ರಾಂತಿ ಅದು. ನಿದ್ರೆ ಕಡಿಮೆಯಾದಷ್ಟೂ ಆ ವಿಶ್ರಾಂತಿ ಕಿರಿದಾಗುತ್ತದೆ.

ನಾವು ಹಿಂದಿರುಗಿಸಿದ್ದು ಇಷ್ಟು. ವಾರಾಂತ್ಯದ ಹೆಚ್ಚುವರಿ ಕೆಲಸವನ್ನು ಬಿಟ್ಟೆವು. ಕೈಗೆ ಬರುವ ಹಣ ಕೊಂಚ ಕಡಿಮೆಯಾಯಿತು, ಆದರೆ ಒಲೆ ಆರಲಿಲ್ಲ. ಹತ್ತು ಗಂಟೆಯ ಬಳಿಕ ಫೋನು ಮಲಗುವ ಕೋಣೆಗೆ ಬರುವುದಿಲ್ಲ. ಒಬ್ಬರಿಗೆ ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದೆಂಬ ಸಲಹೆಯಂತೆ ಉಪ್ಪಿನಕಾಯಿ, ಹಪ್ಪಳಗಳು ಹಬ್ಬಕ್ಕೆ ಮೀಸಲಾದವು. ಆಗಸ್ಟ್ 2025ರಿಂದ ಮೆಟ್ರೊದ ಹಳದಿ ಮಾರ್ಗ ಓಡುತ್ತಿರುವುದರಿಂದ ಸಿಂಗಸಂದ್ರ ನಿಲ್ದಾಣದಲ್ಲಿಳಿದು ನಡೆದೇ ಮನೆ ಸೇರುತ್ತೇವೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ನಡಿಗೆ ಹೀಗೆಯೇ ಕೂಡಿಬರುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಒಂದು ದಿನವೂ ಬಿಟ್ಟಿಲ್ಲ. ಡಿಸೆಂಬರಿನಲ್ಲಿ ರಕ್ತದೊತ್ತಡ 134/84 ಇತ್ತು.

ಪಾಳಿಯನ್ನು ತಾವೇ ಆಯ್ದುಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇಲ್ಲವೆಂಬುದನ್ನು ಬಲ್ಲೆವು. ರಾತ್ರಿಪಾಳಿ ಮುಗಿಸಿ ಬಂದವರಿಗೆ ಹಗಲಿನಲ್ಲಿ ಕತ್ತಲೆಯ ಕೋಣೆಯನ್ನೂ ನಿಶ್ಶಬ್ದವನ್ನೂ ಒದಗಿಸುವುದು, ಅಡುಗೆ ಪಾತ್ರೆಗಳ ಕೆಲಸವನ್ನು ಹಂಚಿಕೊಳ್ಳುವುದು ಮನೆಯವರು ಸಲ್ಲಿಸಬಹುದಾದ ದಾಸೋಹ. ಮನಸ್ಸಿನ ಭಾರ ಹೊರಲಾರದಷ್ಟಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು; ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಕೇಳಲು ಸಂಕೋಚಪಡಬೇಕಾಗಿಲ್ಲ.

ಈ ವರ್ಷ ನಮ್ಮ ಗೋಡೆಯ ಮೇಲೆ ಪಟ್ಟಿಯಿಲ್ಲ. ಶನಿವಾರ ರಾತ್ರಿ ಊಟದ ಬಳಿಕ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ: ಈ ವಾರ ನಮ್ಮ ಚೀಲದಲ್ಲಿ ಹೆಚ್ಚಾದುದು ಯಾವುದು? ಕೆಲವು ವಾರ ಉತ್ತರ ಕೆಲಸ, ಕೆಲವು ವಾರ ಸಿಟ್ಟು, ಕೆಲವು ವಾರ ನೆರೆಮನೆಯವರೊಡನೆ ಹೋಲಿಕೆ. ಏನೇ ಇರಲಿ, ಸೋಮವಾರದೊಳಗೆ ಅದನ್ನು ಸುರಿದು ಬರುವ ಪ್ರಯತ್ನ ನಮ್ಮದು. ಓದುಗ ಬಂಧುಗಳೂ ತಮ್ಮ ಚೀಲವನ್ನು ಒಮ್ಮೆ ತೂಗಿ ನೋಡಲಿ.