ಪಿತ್ತನಾಳದ ದೊಡ್ಡ ಕಲ್ಲುಗಳು: ಉದರವನ್ನು ಸೀಳದೆ ತೆಗೆಯುವ ವಿಧಾನಗಳು

ಯಕೃತ್ತಿನಲ್ಲಿ ಹುಟ್ಟುವ ಪಿತ್ತರಸವು ಪಿತ್ತನಾಳದ ಮೂಲಕ ಹರಿದು ಸಣ್ಣಕರುಳನ್ನು ಸೇರಿ, ಆಹಾರದಲ್ಲಿಯ ಜಿಡ್ಡಿನ ಪಚನಕ್ಕೆ ನೆರವಾಗುತ್ತದೆ. ಈ ನಾಳದ ಸಹಜ ವ್ಯಾಸ ಸುಮಾರು 6 ಮಿಲಿಮೀಟರು ಮಾತ್ರ. ಪಿತ್ತಕೋಶದಿಂದ ಜಾರಿಬಂದ ಅಥವಾ ನಾಳದಲ್ಲಿಯೇ ಬೆಳೆದ ಕಲ್ಲೊಂದು ಅಲ್ಲಿ ಸಿಕ್ಕಿಕೊಂಡರೆ ಪಿತ್ತದ ಹರಿವಿಗೆ ತಡೆಯುಂಟಾಗುತ್ತದೆ. ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣ ತಾಳುವುದು, ಹೊಟ್ಟೆಯ ಮೇಲ್ಭಾಗದ ನೋವು, ಚಳಿಜ್ವರ ಇವು ಅದರ ಲಕ್ಷಣಗಳು. ನಿಂತ ಪಿತ್ತದಲ್ಲಿ ಸೋಂಕು ಬೆಳೆದು ರಕ್ತಕ್ಕೆ ಹರಡಿದರೆ ಪ್ರಾಣಕ್ಕೇ ಅಪಾಯ.

ಹಿಂದೆ ಉದರವನ್ನು ತೆರೆದು ನಾಳವನ್ನು ಸೀಳುವುದೇ ಇದಕ್ಕೆ ಮುಖ್ಯ ಚಿಕಿತ್ಸೆಯಾಗಿತ್ತು. 1968ರಲ್ಲಿ ಅಮೆರಿಕದ ವಿಲಿಯಂ ಮೆಕ್ಯೂನ್ ಮತ್ತು ಸಂಗಡಿಗರು, ಬಾಯಿಯ ಮೂಲಕ ಇಳಿಸಿದ ಎಂಡೊಸ್ಕೋಪಿನ ನೆರವಿನಿಂದ ನಾಳದ ದ್ವಾರದೊಳಕ್ಕೆ ಕೊಳವೆ ತೂರಿಸಿದುದನ್ನು ವರದಿ ಮಾಡಿದರು. 1974ರಲ್ಲಿ ಜರ್ಮನಿಯ ಕ್ಲಾಸೆನ್ ಮತ್ತು ಡೆಮ್ಲಿಂಗ್ ಹಾಗೂ ಜಪಾನಿನ ಕವಾಯಿ, ಆ ದ್ವಾರದ ಸ್ನಾಯುವನ್ನು ವಿದ್ಯುತ್ ತಂತಿಯಿಂದ ಛೇದಿಸುವ ಕ್ರಮವನ್ನು ಪ್ರತ್ಯೇಕವಾಗಿ ಪ್ರಕಟಿಸಿದರು.

ಛೇದನದ ಬಳಿಕ ಬಲೂನಿನಿಂದಲೋ ತಂತಿಬುಟ್ಟಿಯಿಂದಲೋ ಬಹುಪಾಲು ಕಲ್ಲುಗಳು ಹೊರಬರುತ್ತವೆ. ಆದರೆ 15 ಮಿ.ಮೀ. ಮೀರಿದ ಕಲ್ಲಿಗೆ ಈ ದಾರಿ ಹಲವೊಮ್ಮೆ ಸಾಲದು. ಛೇದನವನ್ನು ಮನಬಂದಷ್ಟು ಹಿಗ್ಗಿಸುವಂತೆಯೂ ಇಲ್ಲ. ರಕ್ತಸ್ರಾವವಾಗಬಹುದು, ಕರುಳಿಗೆ ರಂಧ್ರವಾಗಬಹುದು. ಆದುದರಿಂದ ಒಂದೋ ದ್ವಾರವನ್ನು ಬೇರೆ ಬಗೆಯಲ್ಲಿ ಅಗಲಿಸಬೇಕು, ಇಲ್ಲವೇ ಕಲ್ಲನ್ನೇ ಒಡೆಯಬೇಕು.

ದ್ವಾರವನ್ನು ಅಗಲಿಸುವ ವಿಧಾನ 2003ರಿಂದ ಬಳಕೆಗೆ ಬಂದಿತು. ಕಿರಿದಾದ ಛೇದನ ಮಾಡಿ, 12ರಿಂದ 20 ಮಿ.ಮೀ. ವ್ಯಾಸದ ಬಲೂನನ್ನು ಮೆಲ್ಲನೆ ಉಬ್ಬಿಸಲಾಗುತ್ತದೆ. ಕಲ್ಲು ಇಡಿಯಾಗಿ ಹೊರಬರುವುದರಿಂದ ಒಡೆಯುವ ಪ್ರಮೇಯ ಕಡಿಮೆಯಾಗುತ್ತದೆ. ಆದರೆ ಬಲೂನು ನಾಳದ ವ್ಯಾಸವನ್ನು ಮೀರಬಾರದು. ನಾಳದ ಕೆಳಭಾಗ ಕಿರಿದಾಗಿದ್ದರೆ ಈ ವಿಧಾನ ತಕ್ಕುದಲ್ಲ.

ಕಲ್ಲನ್ನು ಒಡೆಯುವಲ್ಲಿ ಎರಡು ಬಗೆಗಳಿವೆ. 1980ರ ದಶಕದ ಆರಂಭದಿಂದ ಬಳಕೆಯಲ್ಲಿರುವ ಯಾಂತ್ರಿಕ ಕ್ರಮದಲ್ಲಿ ಗಟ್ಟಿ ತಂತಿಬುಟ್ಟಿಯು ಕಲ್ಲನ್ನು ಹಿಡಿದು ಪುಡಿಮಾಡುತ್ತದೆ. ವೆಚ್ಚ ಕಡಿಮೆ; ಆದರೆ ನಾಳಕ್ಕೆ ಬಿಗಿದು ಕುಳಿತ ಕಲ್ಲಿನ ಸುತ್ತ ಬುಟ್ಟಿ ಅರಳಲಾರದು, ಕೆಲವೊಮ್ಮೆ ಬುಟ್ಟಿಯೇ ಒಳಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಬಗೆಯಲ್ಲಿ ಅತಿಸೂಕ್ಷ್ಮ ದರ್ಶಕವನ್ನು ನಾಳದೊಳಕ್ಕೇ ಕಳುಹಿಸಿ, ಕಲ್ಲನ್ನು ಕಣ್ಣಾರೆ ನೋಡುತ್ತ ಲೇಸರ್ ಕಿರಣದಿಂದ ಅಥವಾ ವಿದ್ಯುತ್ ಕಿಡಿಯ ಆಘಾತದಿಂದ ಒಡೆಯಲಾಗುತ್ತದೆ. ಉಳಿದ ಕ್ರಮಗಳು ಸೋತಲ್ಲಿ ಇದು ಬಹುಮಟ್ಟಿಗೆ ಗೆಲ್ಲುತ್ತದೆ. ಆದರೆ ಉಪಕರಣ ದುಬಾರಿ, ಸಮಯ ಹೆಚ್ಚು, ನಾಳಕ್ಕೆ ನೀರು ಹಾಯಿಸುವುದರಿಂದ ಸೋಂಕಿನ ಭಯವೂ ಉಂಟು.

ಈ ಎಲ್ಲ ವಿಧಾನಗಳಲ್ಲಿಯೂ ಮೇದೋಜೀರಕ ಗ್ರಂಥಿಯ ಉರಿಯೂತದ ಸಂಭವವಿದೆ. ಆದಕಾರಣ ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕಲ್ಲಿನ ಗಾತ್ರ, ನಾಳದ ಆಕಾರ, ರೋಗಿಯ ಶಕ್ತಿ ಇವೇ ನಿರ್ಣಾಯಕ. ತೀವ್ರ ಸೋಂಕಿನಿಂದ ಬಳಲಿದ ವೃದ್ಧರಲ್ಲಿ ಕಲ್ಲು ತೆಗೆಯಲು ಹಟಮಾಡದೆ, ಪ್ಲಾಸ್ಟಿಕ್ ಕೊಳವೆಯೊಂದನ್ನು ಇರಿಸಿ ಪಿತ್ತಕ್ಕೆ ದಾರಿ ಮಾಡಿಕೊಟ್ಟು, ಕೆಲವು ವಾರಗಳ ಬಳಿಕ ಮರಳಿ ಯತ್ನಿಸುವುದೇ ವಿವೇಕ. ಆ ಕೊಳವೆ ಕಟ್ಟಿಕೊಳ್ಳುವ ಸ್ವಭಾವದ್ದಾದ್ದರಿಂದ ಅದನ್ನು ಮರೆತು ಕೂರುವಂತಿಲ್ಲ.

ಈ ನಾಡಿನ ಹಳ್ಳಿಗಳಲ್ಲಿ ಕಾಮಾಲೆಯೆಂದೊಡನೆ ನಾಟಿಮದ್ದು, ಪಥ್ಯಗಳಲ್ಲಿ ದಿನ ಕಳೆಯುವುದುಂಟು. ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳ ಚಿಹ್ನೆ. ನೋವು ಮತ್ತು ಚಳಿಜ್ವರಗಳೊಡನೆ ಕಣ್ಣು ಹಳದಿಯಾದಾಗ ನಾಳದಲ್ಲಿ ಕಲ್ಲಿರಬಹುದೆಂದು ಶಂಕಿಸಿ ಅಂದೇ ಆಸ್ಪತ್ರೆಗೆ ಕರೆದೊಯ್ಯುವ ಮನೆಯವರ ಎಚ್ಚರವೇ ಈ ಎಲ್ಲ ಚಿಕಿತ್ಸೆಗಳ ಮೊದಲ ಮೆಟ್ಟಿಲು.